ಜೆಮ್‌ನ ರಿವರ್ಸ್ ಆಕ್ಷನ್: ಎಷ್ಟರವರೆಗೆ ಇಳಿಯಬೇಕು, ಎಲ್ಲಿ ಕೈಬಿಡಬೇಕು?

ಕೂಡ್ಲೂರು ವರ್ಕ್‌ಶಾಪ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಹತ್ತಿರ ಕೂಡ್ಲೂರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕಬ್ಬಿಣದ ಮಂಚ, ಶಾಲೆಯ ಡೆಸ್ಕು, ಬೆಂಚು, ಕಪಾಟು ಮಾಡುತ್ತೇವೆ. ಆರು ಜನ ಕೆಲಸಕ್ಕಿದ್ದಾರೆ. ಸಣ್ಣ ಉದ್ಯಮ ಅಂತ ಉದ್ಯಮ್ ನೋಂದಣಿ ಇದೆ, ಸರ್ಕಾರಿ ಕಚೇರಿಗಳು ಸಾಮಾನು ಕೊಳ್ಳುವ ಆನ್‌ಲೈನ್ ಪೋರ್ಟಲ್ ಜೆಮ್‌ನಲ್ಲೂ ಖಾತೆ ಇದೆ.

ಹೋದ ವರ್ಷ ಒಂದು ವಸತಿ ಶಾಲೆಗೆ 160 ಮಂಚ ಬೇಕು ಅಂತ ಜೆಮ್‌ನಲ್ಲಿ ಬಿಡ್ ಕರೆದಿದ್ದರು. ಯಾವ ಶಾಲೆ ಅಂತ ಇಲ್ಲಿ ಬೇಡ. ಒಂದು ಮಂಚಕ್ಕೆ 6,850 ರೂ. ಹಾಕಿದ್ದೆ. ಟೆಕ್ನಿಕಲ್‌ನಲ್ಲಿ ಪಾಸಾಯಿತು. ಆಮೇಲೆ ರಿವರ್ಸ್ ಆಕ್ಷನ್ ಇದೆ ಅಂತ ಮೆಸೇಜ್ ಬಂತು. ಹರಾಜು ನಮ್ಮ ಕಡೆಯವರಿಗೆ ಹೊಸದೇನಲ್ಲ, ಅಲ್ವಾ. ಏಲಕ್ಕಿ ಹರಾಜು ನೋಡಿದ್ದೇವೆ, ಊರ ಹಬ್ಬದಲ್ಲಿ ಸವಾಲು ಕೂಗಿದ್ದೇವೆ. ಅಲ್ಲೆಲ್ಲ ರೇಟು ಮೇಲೆ ಹತ್ತುತ್ತದೆ. ಇಲ್ಲಿ ಕೊಳ್ಳುವವರು ಒಬ್ಬರೇ, ಮಾರುವವರು ಐದಾರು ಜನ, ಯಾರು ಎಲ್ಲರಿಗಿಂತ ಕಮ್ಮಿಗೆ ಬರುತ್ತಾರೋ ಅವರಿಗೆ ಆರ್ಡರ್.

ಅವತ್ತು ಜೂನ್ ಎರಡನೇ ವಾರ. ಹೊರಗೆ ಮಳೆ ಬಿಡದೆ ಹೊಡೆಯುತ್ತಿತ್ತು, ಕರೆಂಟು ಎರಡು ಸಲ ಹೋಯಿತು, ಲ್ಯಾಪ್‌ಟಾಪ್‌ಗೆ ಮೊಬೈಲ್‌ನ ನೆಟ್ ಕೊಟ್ಟು ಕೂತಿದ್ದೆ. ಸ್ಕ್ರೀನ್‌ನಲ್ಲಿ ಎಲ್ಲರಿಗಿಂತ ಕಮ್ಮಿ ರೇಟು ಎಷ್ಟು ಅಂತ ಮಾತ್ರ ಕಾಣುತ್ತದೆ, ಯಾರು ಹಾಕಿದರು ಅಂತ ಕಾಣುವುದಿಲ್ಲ. ನಾನು ಇಳಿಸಿದ ಎರಡೇ ನಿಮಿಷಕ್ಕೆ ಇನ್ನೊಬ್ಬ ಇಳಿಸುತ್ತಿದ್ದ. ಇನ್ನು ಹತ್ತು ನಿಮಿಷದಲ್ಲಿ ಮುಗಿಯಿತು ಅಂತ ನಿಟ್ಟುಸಿರು ಬಿಟ್ಟರೆ ಟೈಮ್ ಮತ್ತೆ ಮುಂದಕ್ಕೆ ಹೋಗುತ್ತಿತ್ತು. ನನ್ನ ಅಸಲು ಜಿಎಸ್‌ಟಿ ಸೇರಿ 6,200 ರೂ. ಅಂತ ನನಗೆ ಗೊತ್ತಿತ್ತು. ಆದರೂ ಸಂಜೆ ಹೊತ್ತಿಗೆ 5,940ಕ್ಕೆ ನಿಂತಿದ್ದೆ. ಆರ್ಡರ್ ನನಗೇ ಬಂತು. ಮಂಚಕ್ಕೆ 260 ರೂ. ನಷ್ಟ, 160 ಮಂಚಕ್ಕೆ 41,600 ರೂ. ಕೈಯಿಂದ ಹೋಯಿತು. ಮೇಲಿಂದ ಮಳೆಗೆ ಪೌಡರ್ ಕೋಟಿಂಗ್ ಕೆಲಸ ನಿಂತು, ಲಾರಿ ಸಿಗದೆ ಎರಡು ವಾರ ತಡವಾಯಿತು. ವಾರಕ್ಕೆ ಅರ್ಧ ಪರ್ಸೆಂಟಿನಂತೆ 9,504 ರೂ. ಬಿಲ್ಲಿನಲ್ಲಿ ಕಡಿದರು. ಉಳಿದ ದುಡ್ಡು ಬಂದಿದ್ದು ಐದು ತಿಂಗಳ ನಂತರ.

ಆ ದೀಪಾವಳಿಗೆ ಹುಡುಗರಿಗೆ ಬೋನಸ್ ಕೊಡಲಾಗಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಈಗ ಇನ್ನೊಂದು ಬಂದಿದೆ. 240 ಡೆಸ್ಕು, ಇಬ್ಬರು ಮಕ್ಕಳು ಕೂರುವಂಥದ್ದು. ಅವರ ಅಂದಾಜು ಡೆಸ್ಕಿಗೆ 5,800 ರೂ., ಒಟ್ಟು 13,92,000. ಇದರಲ್ಲೂ ಬಿಡ್ ಆದ ಮೇಲೆ ರಿವರ್ಸ್ ಆಕ್ಷನ್ ಇದೆ. ಕೆಲಸ ಬೇಕು, ಹುಡುಗರಿಗೆ ಮಳೆಗಾಲದಲ್ಲಿ ಬೇರೆ ಕೆಲಸ ಕಮ್ಮಿ. ಆದರೆ ಹೋದ ವರ್ಷದ್ದು ಮತ್ತೆ ಆಗಬಾರದು. ಎಲ್ಲಿಯವರೆಗೆ ಇಳಿಯುವುದು ಅಂತ ನೀವೆಲ್ಲ ಹೇಗೆ ತೀರ್ಮಾನ ಮಾಡುತ್ತೀರಿ? ಡೆಸ್ಕಿನ ಹಲಗೆ ಯಾವುದು ಅಂತ ಬಿಡ್‌ನಲ್ಲಿ ಸರಿಯಾಗಿ ಬರೆದೂ ಇಲ್ಲ, "ಲ್ಯಾಮಿನೇಟ್ ಹಲಗೆ, 18 ಮಿ.ಮೀ." ಅಂತ ಅಷ್ಟೇ ಇದೆ. ನಾನು ಪ್ಲೈವುಡ್ ಹಾಕಿ ರೇಟು ಕೊಟ್ಟರೆ ಪಾರ್ಟಿಕಲ್ ಬೋರ್ಡ್ ಹಾಕುವವನ ಜೊತೆ ಗುದ್ದಾಡುವುದು ಹೇಗೆ?

ಗೋಣಿಕೊಪ್ಪ ಸಪ್ಲೈಯರ್ ಉತ್ತರ:

ಅಣ್ಣಾ, ನಿಮ್ಮ ಕತೆ ಓದಿ ಹೊಟ್ಟೆ ಉರಿಯಿತು. ನನಗೂ ಹೀಗೆ ಒಂದು ಸಲ ಆಗಿದೆ, ಯುಪಿಎಸ್ ಬ್ಯಾಟರಿ ಸಪ್ಲೈಯಲ್ಲಿ. ನಾನು ಜೆಮ್‌ನಲ್ಲಿ ಆರು ವರ್ಷದಿಂದ ಇದ್ದೇನೆ, ಕಲಿತಿದ್ದನ್ನು ಹೇಳುತ್ತೇನೆ.

ನಿಲ್ಲುವ ರೇಟನ್ನು ಆಕ್ಷನ್ ದಿನ ತೀರ್ಮಾನ ಮಾಡಲೇಬಾರದು. ಹಿಂದಿನ ದಿನವೇ ಮಾಡಿ, ಕಾಗದದಲ್ಲಿ ಬರೆದು, ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಡಿ. ನಾನು ನನ್ನ ಹೆಂಡತಿಗೆ ಕೊಡುತ್ತೇನೆ. ಆ ಅಂಕಿ ಬಂದಾಗ ಅವಳು ಸಾಕು ಅಂದರೆ ಸಾಕು, ನಾನು ಎದ್ದು ಬರುತ್ತೇನೆ. ಸ್ಕ್ರೀನ್ ಮುಂದೆ ಕೂತಾಗ ತಲೆ ಲೆಕ್ಕ ಮಾಡುವುದಿಲ್ಲ. ಇನ್ನು ಇಪ್ಪತ್ತು ರೂಪಾಯಿ ತಾನೇ, ಇನ್ನು ಹತ್ತು ತಾನೇ ಅನಿಸುತ್ತದೆ. ಅದು ಡೆಸ್ಕಿಗೆ ಹತ್ತು ಅಣ್ಣಾ, ಆರ್ಡರಿಗೆ 2,400. ಟೈಮ್ ಮುಂದಕ್ಕೆ ಹೋಗುತ್ತಿತ್ತು ಅಂದಿರಲ್ಲ, ಅದು ಹಾಗೇ ಇರುವುದು. ಕೊನೆಯ ಹದಿನೈದು ನಿಮಿಷದಲ್ಲಿ ಯಾರಾದರೂ ಇಳಿಸಿದರೆ ಮತ್ತೆ ಹದಿನೈದು ನಿಮಿಷ ತಾನಾಗಿ ಸೇರುತ್ತದೆ. ಕೊನೆ ಸೆಕೆಂಡಿನಲ್ಲಿ ಒಬ್ಬ ಹಾರಿ ಬಂದು ಹೊಡೆದುಕೊಂಡು ಹೋಗಬಾರದು ಅಂತ ಮಾಡಿದ್ದು. ಒಳ್ಳೆಯದೇ. ಆದರೆ ಸುಸ್ತಾದವರು ಆಗಲೇ ತಪ್ಪು ಮಾಡುವುದು.

ಈಗ ಲೆಕ್ಕ. ಜೆಮ್‌ನಲ್ಲಿ ಹಾಕುವ ರೇಟು ಜಿಎಸ್‌ಟಿ, ಸಾಗಾಟ, ಜಾಗಕ್ಕೆ ತಲುಪಿಸುವುದು ಎಲ್ಲ ಸೇರಿದ್ದು. ಕಬ್ಬಿಣ, ಹಲಗೆ, ಕೂಲಿ ಎಲ್ಲರೂ ಹಾಕುತ್ತಾರೆ. ಮರೆಯುವುದು ಬಡ್ಡಿ. ನಿಮಗೆ ದುಡ್ಡು ಐದು ತಿಂಗಳು ತಡವಾಯಿತು ಅಂದಿರಲ್ಲ. 13,92,000ಕ್ಕೆ ವರ್ಷಕ್ಕೆ 12 ಪರ್ಸೆಂಟ್ ಅಂತ ಹಿಡಿದರೂ ಐದು ತಿಂಗಳಿಗೆ 69,600 ಆಯಿತು. ಡೆಸ್ಕಿಗೆ 290 ರೂ. ಇದು ನಿಮ್ಮ ಹೋದ ವರ್ಷದ ಲೆಕ್ಕದಲ್ಲಿ ಇತ್ತಾ? ಇರಲಿಲ್ಲ ಅಂತ ನನಗನಿಸುತ್ತದೆ. ಹಾಗಿದ್ದರೆ ನಿಮ್ಮ ನಷ್ಟ 260ಕ್ಕಿಂತ ಜಾಸ್ತಿ. ಇನ್ನು ಹತ್ತಿಸಿ ಇಳಿಸುವ ಕೂಲಿ. ಬೇರೆ ಜಿಲ್ಲೆಯಲ್ಲಿ ಲಾರಿ ಶಾಲೆ ಬಾಗಿಲಿಗೇ ಹೋಗುತ್ತದೆ. ನಮ್ಮಲ್ಲಿ ಎಷ್ಟೋ ಶಾಲೆಗೆ ಕೊನೆಯ ಅರ್ಧ ಕಿಲೋಮೀಟರ್ ಪಿಕಪ್‌ನಲ್ಲಿ ಎರಡೆರಡು ಸಲ ಹೊಡೆಯಬೇಕು. 10 ಲಕ್ಷದ ಒಳಗಿನ ಆರ್ಡರಿಗೆ ಜೆಮ್‌ನವರು ಶುಲ್ಕ ಹಿಡಿಯುವುದಿಲ್ಲ, ಅದರ ಮೇಲೆ 0.30 ಪರ್ಸೆಂಟ್ ಇದೆ, ನಿಮ್ಮದಕ್ಕೆ 4,176 ರೂ. ಆಗುತ್ತದೆ. ಚಿಕ್ಕದು, ಆದರೂ ಬರೆದುಕೊಳ್ಳಿ. ಭದ್ರತಾ ಠೇವಣಿ ಅಂತ 3ರಿಂದ 5 ಪರ್ಸೆಂಟ್ ಬ್ಯಾಂಕ್ ಗ್ಯಾರಂಟಿ ಕೇಳಿದ್ದರೆ ಅದಕ್ಕೆ ಬ್ಯಾಂಕಿನ ಕಮಿಷನ್ ಬೇರೆ.

ಇನ್ನೊಂದು ತಪ್ಪನ್ನು ಹೊಸಬರು ಮಾಡುತ್ತಾರೆ. ಹೇಗೂ ಆಕ್ಷನ್‌ನಲ್ಲಿ ಇಳಿಸಬಹುದಲ್ಲ ಅಂತ ಮೊದಲ ಬಿಡ್‌ನಲ್ಲಿ ರೇಟು ಸುಮ್ನೆ ಮೇಲೆ ಹಾಕಿಬಿಡುತ್ತಾರೆ. ಎಲ್ಲರಿಗಿಂತ ಜಾಸ್ತಿ ಹಾಕಿದವರನ್ನು ಆಕ್ಷನ್‌ಗೆ ಮೊದಲೇ ಹೊರಗಿಡುವ ನಿಯಮ ಎಷ್ಟೋ ಬಿಡ್‌ನಲ್ಲಿ ಇರುತ್ತದೆ. ಬಿಡ್ ದಾಖಲೆಯಲ್ಲಿ ಅದನ್ನು ನೋಡಿಕೊಳ್ಳಿ. ಆಟಕ್ಕೇ ಸೇರಿಸದೆ ಕಳಿಸಿದರೆ ಏನು ಮಾಡುವುದು?

ಮಡಿಕೇರಿ ನಿವೃತ್ತ ಉತ್ತರ:

ನಾನು ಇಪ್ಪತ್ತೆಂಟು ವರ್ಷ ಕಚೇರಿಯ ಖರೀದಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೇಜಿನ ಆ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಜೆಮ್ ಶುರುವಾಗಿದ್ದು 2016ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲು ಮೂರು ಕೊಟೇಶನ್ ತರಿಸುತ್ತಿದ್ದೆವು. ಮೂರೂ ಒಂದೇ ಅಂಗಡಿಯಿಂದ, ಮೂರು ಬೇರೆ ಲೆಟರ್‌ಹೆಡ್‌ನಲ್ಲಿ ಬರುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೈಬರಹ ಕೂಡ ಒಂದೇ. ಹಾಗಾಗಿ ಆನ್‌ಲೈನ್ ಬಂದಿದ್ದು ಒಳ್ಳೆಯದಾಯಿತು ಅಂತಲೇ ನನ್ನ ಅಭಿಪ್ರಾಯ. ಈಗ ಕೇಂದ್ರದ ಸಂಸ್ಥೆಗಳಿಗೆ ನಿಯಮ ಹೀಗಿದೆ: 50,000 ರೂ.ವರೆಗೆ ನೇರವಾಗಿ ಕೊಳ್ಳಬಹುದು, ಅಲ್ಲಿಂದ 10 ಲಕ್ಷದವರೆಗೆ ಕನಿಷ್ಠ ಮೂರು ಬೇರೆ ಬೇರೆ ತಯಾರಕರ ಮಾಲು ಹೋಲಿಸಿ ಕಮ್ಮಿಯದ್ದನ್ನು ಕೊಳ್ಳಬಹುದು, 10 ಲಕ್ಷದ ಮೇಲೆ ಹೋದರೆ ಬಿಡ್ ಅಥವಾ ರಿವರ್ಸ್ ಆಕ್ಷನ್ ಮಾಡಲೇಬೇಕು. ಮೊದಲು ಈ ಮಿತಿ 25,000 ಮತ್ತು 5 ಲಕ್ಷ ಇತ್ತು. ರಾಜ್ಯದ ಇಲಾಖೆಗಳ ಟೆಂಡರ್ ಬೇರೆ, ಅದು ಸರ್ಕಾರಿ ಖರೀದಿಯ ಪಾರದರ್ಶಕತೆಗಾಗಿ ಕರ್ನಾಟಕ ಮಾಡಿದ 1999ರ ಕೆಟಿಪಿಪಿ ಕಾಯ್ದೆಯ ಕೆಳಗೆ ಬರುತ್ತದೆ, ಪೋರ್ಟಲ್ ಕೂಡ ಬೇರೆ. ಎರಡನ್ನೂ ಬೆರೆಸಿಕೊಳ್ಳಬೇಡಿ.

ಈಗ ನಿಮ್ಮ ಹಲಗೆಯ ವಿಷಯ. ಇಡೀ ಪ್ರಶ್ನೆಯಲ್ಲಿ ದೊಡ್ಡದು ಇದೇ.

ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ ಜಿಎಫ್‌ಆರ್‌ನ 167ನೇ ನಿಯಮ ಎಲೆಕ್ಟ್ರಾನಿಕ್ ರಿವರ್ಸ್ ಆಕ್ಷನ್ ಬಗ್ಗೆಯೇ ಇದೆ. ಬೇಕಾದ ಮಾಲನ್ನು ವಿವರವಾಗಿ ಬರೆಯಲು ಆಗಬೇಕು, ಪೈಪೋಟಿ ಕೊಡುವಷ್ಟು ಅರ್ಹ ಮಾರಾಟಗಾರರು ಇರಬೇಕು, ಯಾರದ್ದು ಉತ್ತಮ ಅನ್ನುವುದನ್ನು ದುಡ್ಡಿನಲ್ಲಿ ಅಳೆಯಲು ಆಗಬೇಕು. ಹಾಗಿದ್ದಾಗ ಇದನ್ನು ಬಳಸಬಹುದು ಅನ್ನುತ್ತದೆ. ಮೊದಲನೆಯ ಮಾತು ನೋಡಿ. ವಿವರವಾಗಿ ಬರೆಯಬೇಕು. ನಮ್ಮ ಕಚೇರಿಗಳಲ್ಲಿ ಆಗುವುದೇನು? ಹಳೆಯ ಫೈಲಿನಿಂದ ಸ್ಪೆಕ್, ಅಂದರೆ ಮಾಲಿನ ವಿವರ, ನಕಲು ಮಾಡುತ್ತೇವೆ. ನಾನೂ ಮಾಡಿದ್ದೇನೆ. ಒಂದು ಸಲ ಮೇಜಿಗೆ "18 ಮಿ.ಮೀ. ಹಲಗೆ" ಅಂತಷ್ಟೇ ಬರೆದು ಕಳಿಸಿದೆ. ಹಲಗೆ ಅಂದರೆ ಯಾವುದು ಅಂತ ಬರೆಯಲಿಲ್ಲ. ರೇಟು ಚೆನ್ನಾಗಿ ಇಳಿಯಿತು, ಮೇಲಿನವರು ಬೆನ್ನು ತಟ್ಟಿದರು. ಫೆಬ್ರವರಿಯಲ್ಲಿ ಪಾರ್ಟಿಕಲ್ ಬೋರ್ಡಿನ ಮೇಜುಗಳು ಬಂದವು, ನೋಡಲು ಹೊಳೆಯುತ್ತಿದ್ದವು. ಜುಲೈ ಹೊತ್ತಿಗೆ ಅಂಚಿನ ಪಟ್ಟಿ ಬಿಟ್ಟುಕೊಂಡು, ಒಳಗಿನ ಪುಡಿ ನೀರು ಕುಡಿದು ಉಬ್ಬಿ, ಮೂಲೆಯೆಲ್ಲ ನೆನೆದ ರಸ್ಕಿನ ಹಾಗೆ ಆಯಿತು. ಬೆರಳಿನಲ್ಲಿ ಒತ್ತಿದರೆ ಉದುರುತ್ತಿತ್ತು. ಸ್ಕ್ರೂ ಹಿಡಿಯಲು ಒಳಗೆ ಏನೂ ಉಳಿದಿರಲಿಲ್ಲ. ಸಪ್ಲೈಯರ್‌ನನ್ನು ಕೇಳಿದರೆ ಅವನು ನಾನು ಬರೆದ ಕಾಗದವನ್ನೇ ತೋರಿಸಿದ. ಅವನದು ತಪ್ಪಿಲ್ಲ. ಬರೆದಿದ್ದನ್ನು ಕೊಟ್ಟಿದ್ದ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ ಅಂತ ಆ ಕಾಗದದಲ್ಲಿ ಇರಲಿಲ್ಲ.

ರಿವರ್ಸ್ ಆಕ್ಷನ್ ಕಾಗದದಲ್ಲಿ ಇರುವುದರ ರೇಟನ್ನು ಮಾತ್ರ ಇಳಿಸುತ್ತದೆ. ಕಾಗದದಲ್ಲಿ ಇಲ್ಲದಿರುವುದನ್ನು ಮೊದಲು ಕಿತ್ತುಹಾಕಿಸುತ್ತದೆ, ಆಮೇಲೆ ರೇಟು ಇಳಿಸುತ್ತದೆ. ಮಾರುವವನಿಗೆ ಬೇರೆ ದಾರಿಯೇ ಇರುವುದಿಲ್ಲ. ಒಳ್ಳೆಯ ಹಲಗೆ ಹಾಕಬೇಕು ಅಂತ ಮನಸ್ಸಿದ್ದವನೇ ಮೊದಲು ಸೋಲುತ್ತಾನೆ.

ಹಾಗಾಗಿ ನೀವು ಈಗಲೇ ಮಾಡಬೇಕಾದ ಕೆಲಸ ಇದು. ಬಿಡ್ ಪ್ರಕಟವಾದ ಮೊದಲ ಕೆಲವು ದಿನ ಅದರ ಬಗ್ಗೆ ಕೊಳ್ಳುವವರಿಗೆ ಬರೆದು ಕೇಳಲು ಜೆಮ್‌ನಲ್ಲೇ ಅವಕಾಶ ಇದೆ. ಹಲಗೆ ಯಾವುದು ಅಂತ ಕೇಳಿ. ಸುಮ್ನೆ ಕೇಳಬೇಡಿ, ಐಎಸ್ ನಂಬರ್, ಅಂದರೆ ಭಾರತೀಯ ಗುಣಮಟ್ಟದ ಮಾನಕದ ನಂಬರ್ ಹಾಕಿ ಕೇಳಿ. ನೀರು ತಡೆಯುವ ಮೆರೈನ್ ಪ್ಲೈವುಡ್‌ಗೆ ಐಎಸ್ 710, ಲ್ಯಾಮಿನೇಟ್ ಹಾಕಿದ ಪಾರ್ಟಿಕಲ್ ಬೋರ್ಡ್‌ಗೆ ಐಎಸ್ 12823. ಇವೆರಡರಲ್ಲಿ ನಿಮಗೆ ಬೇಕಾದದ್ದು ಯಾವುದು, ಕೊಡಗಿನ ಮಳೆಗೆ ಪಾರ್ಟಿಕಲ್ ಬೋರ್ಡ್ ನಿಲ್ಲುವುದಿಲ್ಲ, ದಯವಿಟ್ಟು ಸ್ಪಷ್ಟಪಡಿಸಿ ಅಂತ ಬರೆಯಿರಿ. ಕೊಳ್ಳುವ ಗುಮಾಸ್ತರಿಗೆ ಇದು ಉಪಕಾರವೇ ಆಗುತ್ತದೆ. ನನಗೆ ಅಂದು ಯಾರಾದರೂ ಹೀಗೆ ಬರೆದಿದ್ದರೆ ನಾನು ತಿದ್ದುಪಡಿ ಹಾಕುತ್ತಿದ್ದೆ. ಪೈಪಿನ ದಪ್ಪ, ಗೇಜು, ಪೌಡರ್ ಕೋಟಿಂಗ್ ಬಗ್ಗೆಯೂ ಅದೇ ಪತ್ರದಲ್ಲಿ ಕೇಳಿಬಿಡಿ.

ರೇಟು ಬಹಳ ಕೆಳಗೆ ಹೋದರೆ ಕೊಳ್ಳುವವರು ಕಣ್ಣು ಮುಚ್ಚಿ ಆರ್ಡರ್ ಕೊಡಬೇಕು ಅಂತಲೂ ಇಲ್ಲ. ಅಸಹಜವಾಗಿ ಕಮ್ಮಿ ಇದೆ ಅನಿಸಿದರೆ ಲೆಕ್ಕದ ವಿವರವನ್ನು ಬರೆದು ಕೊಡಿ ಅಂತ ಕೇಳಲು ಹಣಕಾಸು ಸಚಿವಾಲಯದ ಖರೀದಿ ಕೈಪಿಡಿಯಲ್ಲೇ ಹೇಳಿದೆ. ಆದರೆ ಕಮ್ಮಿ ರೇಟಿನವನನ್ನು ಬಿಟ್ಟು ಜಾಸ್ತಿಯವನಿಗೆ ಯಾಕೆ ಕೊಟ್ಟಿರಿ ಅಂತ ಆಡಿಟ್‌ನಲ್ಲಿ ಕೇಳುತ್ತಾರೆ ಅನ್ನುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಉಬ್ಬಿದ ಮೇಜಿನ ಬಗ್ಗೆ ನನ್ನನ್ನು ಯಾವ ಆಡಿಟ್‌ನವರೂ ಕೇಳಲಿಲ್ಲ. ಅದು ನನಗೆ ಇವತ್ತಿಗೂ ಬೇಸರ.

ಕೂಡ್ಲೂರು ವರ್ಕ್‌ಶಾಪ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಾರ್, ಇವತ್ತೇ ಬರೆದು ಕಳಿಸಿದೆ, ಐಎಸ್ ನಂಬರ್ ಹಾಕಿಯೇ. ಗೋಣಿಕೊಪ್ಪದವರೇ, ಬಡ್ಡಿ ನಿಜವಾಗಲೂ ಹಾಕಿರಲಿಲ್ಲ. ಒಂದು ಪ್ರಶ್ನೆ ಉಳಿಯಿತು. ಸಣ್ಣ ಉದ್ಯಮಕ್ಕೆ 15 ಪರ್ಸೆಂಟ್ ರಿಯಾಯಿತಿ ಇದೆ ಅಂತ ಯಾರೋ ಹೇಳಿದರು. ಅಂದರೆ ನಾನು 15 ಪರ್ಸೆಂಟ್ ಜಾಸ್ತಿ ರೇಟಿಗೆ ಕೊಡಬಹುದಾ?

ಗೋಣಿಕೊಪ್ಪ ಸಪ್ಲೈಯರ್:

ಇಲ್ಲ ಅಣ್ಣಾ, ಅಲ್ಲೇ ಎಲ್ಲರೂ ತಪ್ಪು ತಿಳಿಯುವುದು. 2012ರ ಎಂಎಸ್‌ಇ, ಅಂದರೆ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳ ಖರೀದಿ ನೀತಿ ಅದು. ಕೇಂದ್ರದ ಇಲಾಖೆಗಳು ಒಟ್ಟು ಖರೀದಿಯ 25 ಪರ್ಸೆಂಟ್ ಸಣ್ಣ ಉದ್ಯಮಗಳಿಂದ ಮಾಡಬೇಕು, ಅದರೊಳಗೆ 4 ಪರ್ಸೆಂಟ್ ಎಸ್‌ಸಿ, ಎಸ್‌ಟಿ ಉದ್ಯಮಿಗಳಿಂದ, 3 ಪರ್ಸೆಂಟ್ ಮಹಿಳೆಯರಿಂದ. ಬಿಡ್‌ನಲ್ಲಿ ಅದು ಹೀಗೆ ನಡೆಯುತ್ತದೆ: ಎಲ್ಲರಿಗಿಂತ ಕಮ್ಮಿ ರೇಟು ಹಾಕಿ ಎಲ್1 ಆದವನು ಎಂಎಸ್‌ಇ ಅಲ್ಲದಿದ್ದರೆ, ನಿಮ್ಮ ರೇಟು ಅವನಿಗಿಂತ 15 ಪರ್ಸೆಂಟ್ ಒಳಗೆ ಮೇಲಿದ್ದರೆ, ಅವನ ರೇಟಿಗೇ ಕೊಡುತ್ತೀರಾ ಅಂತ ನಿಮ್ಮನ್ನು ಕೇಳುತ್ತಾರೆ. ಹೂಂ ಅಂದರೆ 25 ಪರ್ಸೆಂಟ್ ಮಾಲು ನಿಮಗೆ, ನಿಮ್ಮ ಲೆಕ್ಕಕ್ಕೆ 60 ಡೆಸ್ಕು. ಭಾಗ ಮಾಡಲಾಗದ ಮಾಲಾದರೆ ಪೂರ್ತಿಯೇ ಸಿಗಬಹುದು. ದುಡ್ಡು ಮಾತ್ರ ಎಲ್1 ರೇಟಿನದ್ದೇ. ಎಲ್1 ಆದವನೂ ನಿಮ್ಮಂತೆ ಎಂಎಸ್‌ಇ ಆಗಿದ್ದರೆ ಈ ಮಾತೇ ಬರುವುದಿಲ್ಲ. ತಂದು ಮಾರುವವರಿಗೂ ಇದು ಇಲ್ಲ, ನನ್ನಂಥವರಿಗೆ ಸಿಗುವುದಿಲ್ಲ. ನೀವೇ ಮಾಡುವವರು, ನಿಮಗಿದೆ.

ಇದರಿಂದ ನಿಮಗೆ ಒಂದು ಉಪಯೋಗ ಇದೆ. ತಳದವರೆಗೆ ಹೋಗಿ ಗುದ್ದಾಡಲೇಬೇಕು ಅಂತಿಲ್ಲ. ನಿಮ್ಮ ರೇಟಿನಲ್ಲಿ ನಿಂತು ನೋಡಬಹುದು. ದೊಡ್ಡ ಕಂಪನಿಯವನು ಇಳಿಸಿ ನಿಲ್ಲಿಸಿದ ರೇಟು ನಿಮಗೆ ತಾಳುವಂತಿದ್ದರೆ ಹೂಂ ಅನ್ನಿ, ಇಲ್ಲದಿದ್ದರೆ ಬೇಡ ಅನ್ನಿ. ಬಿಡ್‌ನಲ್ಲಿ ಎಂಎಸ್‌ಇ ಆದ್ಯತೆ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಬಿಡ್ ಜೊತೆ ಕಟ್ಟುವ ಠೇವಣಿ ಇಎಂಡಿ ಕೂಡ ಎಂಎಸ್‌ಇಗೆ ಇಲ್ಲ, ಸುಮ್ನೆ ಕಟ್ಟಬೇಡಿ.

ದುಡ್ಡು ತಡವಾದರೆ ಬಾಯಿ ಮುಚ್ಚಿಕೊಂಡು ಕೂರಬೇಡಿ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಒಪ್ಪಂದ ಏನೇ ಇರಲಿ, ಮಾಲು ಒಪ್ಪಿಕೊಂಡ 45 ದಿನದೊಳಗೆ ಕೊಡಬೇಕು ಅಂತಿದೆ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಮುಂದೆ ಆರ್ಡರ್ ಸಿಗುವುದಿಲ್ಲ ಅಂತ ಹೆದರಿ ನಮ್ಮವರು ಯಾರೂ ಹಾಕುವುದಿಲ್ಲ. ಕಡೇ ಪಕ್ಷ ಈ ಕಾಯ್ದೆಯ ಹೆಸರು ಹಾಕಿ ಒಂದು ಮರ್ಯಾದೆಯ ಪತ್ರ ಬರೆಯಿರಿ. ನನ್ನದು ಒಂದು ಬಿಲ್ಲು ಹಾಗೇ ಹೊರಗೆ ಬಂತು.

ಹಾಸ್ಟೆಲ್ ವಾರ್ಡನ್, ನಾಪೋಕ್ಲು ಕಡೆ:

ನಾನು ಮಾರುವವಳೂ ಅಲ್ಲ, ಕೊಳ್ಳುವ ಫೈಲ್ ಬರೆಯುವವಳೂ ಅಲ್ಲ. ಬಂದ ಸಾಮಾನನ್ನು ಮಕ್ಕಳಿಗೆ ಕೊಡುವವಳು. ಓದುತ್ತಾ ಬೇಜಾರಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಒಂದು ವರ್ಷ ಬಂದ ಮಂಚಗಳ ಕಾಲಿಗೆ ಒಳಗಡೆ ಪೇಂಟೇ ಇರಲಿಲ್ಲ. ಹೊರಗೆ ಚೆನ್ನಾಗಿ ಬಳಿದಿದ್ದರು. ಕಾಲಿನ ಕೆಳಗಿನ ಪ್ಲಾಸ್ಟಿಕ್ ಬುಷ್ ಒಂದು ತಿಂಗಳಲ್ಲಿ ಕಳಚಿಕೊಂಡಿತು. ಒದ್ದೆ ನೆಲದಲ್ಲಿ ಪೈಪು ತುಕ್ಕು ಹಿಡಿದು, ಸಿಮೆಂಟಿನ ಮೇಲೆ ಎಲ್ಲ ಮಂಚದ ಕೆಳಗೂ ನಾಲ್ಕು ನಾಲ್ಕು ಕೆಂಪು ಉಂಗುರ ಬಿದ್ದಿದ್ದವು. ಒಬ್ಬಳು ಆರನೇ ಕ್ಲಾಸಿನ ಹುಡುಗಿಯ ಹಿಮ್ಮಡಿಗೆ ಆ ಅಂಚು ಕೊಯ್ದು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಬುಷ್ ಒಂದಕ್ಕೆ ಐದಾರು ರೂಪಾಯಿ ಇರಬಹುದು. ಯಾರೋ ಎಲ್ಲೋ ಕೂತು ಐದು ರೂಪಾಯಿ, ಐದು ರೂಪಾಯಿ ಅಂತ ಇಳಿಸಿದ್ದರ ಲೆಕ್ಕ ಅಲ್ಲಿಗೆ ಬಂದು ನಿಂತಿತ್ತು ಅಂತ ಈಗ ಅರ್ಥವಾಗುತ್ತಿದೆ.

ಕೂಡ್ಲೂರಿನ ಅಣ್ಣ, ನೀವು ನಷ್ಟ ಮಾಡಿಕೊಂಡರೂ ಮಂಚದಲ್ಲಿ ಏನೂ ಕಮ್ಮಿ ಮಾಡಲಿಲ್ಲ ಅಂತ ನಿಮ್ಮ ಬರಹದಿಂದ ತಿಳಿಯುತ್ತದೆ. ಅದು ಎಲ್ಲರೂ ಮಾಡುವುದಿಲ್ಲ. ನಿವೃತ್ತ ಸಾರ್, ಸ್ಪೆಕ್ ಬರೆಯುವ ಮೊದಲು ಒಂದು ಸಲ ವಾರ್ಡನ್‌ಗಳನ್ನು ಕೇಳಿ ಅಂತ ನಿಮ್ಮ ಹಳೆಯ ಸಹೋದ್ಯೋಗಿಗಳಿಗೆ ಹೇಳಲು ಆಗುತ್ತದಾ? ಬುಷ್ ರಬ್ಬರಿನದ್ದಿರಲಿ, ಸ್ಕ್ರೂ ಹಾಕಿ ಕೂರಿಸಿರಲಿ ಅಂತ ನಾನು ಎರಡು ಸಾಲು ಬರೆದು ಕೊಡುತ್ತಿದ್ದೆ.

ಮಡಿಕೇರಿ ನಿವೃತ್ತ:

ಖಂಡಿತ ಹೇಳುತ್ತೇನಮ್ಮ. ಆ ಎರಡು ಸಾಲು ಇಲ್ಲಿ ಹಾಕಿದ್ದೇ ಒಳ್ಳೆಯದಾಯಿತು. ಸ್ಪೆಕ್ ಬರೆಯುವವರು ಇದನ್ನು ಓದುತ್ತಾರೆ.

ಪೊನ್ನಂಪೇಟೆ ಎಂ.ಕಾಂ.:

ಪಾಠದಲ್ಲಿ ಬಂದಿದ್ದರಿಂದ ನಾನು ಇದರ ಬಗ್ಗೆ ಸ್ವಲ್ಪ ಓದಿದ್ದೆ. ಈ ಪದ್ಧತಿ ಕಂಪನಿಗಳಿಂದ ಸರ್ಕಾರಕ್ಕೆ ಬಂದಿದ್ದು. 1995ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಶುರುವಾದ ಫ್ರೀಮಾರ್ಕೆಟ್ಸ್ ಅನ್ನುವ ಕಂಪನಿ ಕಾರ್ಖಾನೆಗಳಿಗೆ ಬಿಡಿಭಾಗ ಕೊಳ್ಳಲು ಇದನ್ನು ದೊಡ್ಡದಾಗಿ ನಡೆಸಿತು. ಬ್ರೆಜಿಲ್ ಸರ್ಕಾರ 2002ರ ಕಾನೂನಿನಲ್ಲೇ ಸಾಮಾನ್ಯ ಮಾಲಿಗೆ ಇದನ್ನು ತಂದಿತು. ಸಾಮಾನ್ಯ ಮಾಲು ಅನ್ನುವ ಮಾತನ್ನು ಗಮನಿಸಿ. ಎಲ್ಲಿ ಕೊಂಡರೂ ಒಂದೇ ಥರ ಇರುವಂಥದ್ದು.

ನಮ್ಮ ದೇಶದಲ್ಲಿ ಇದು ಚೆನ್ನಾಗಿ ನಡೆದಿದ್ದು ಸೋಲಾರ್ ಕರೆಂಟಿನಲ್ಲಿ. 2017ರಲ್ಲಿ ರಾಜಸ್ಥಾನದ ಬಡ್ಲಾದಲ್ಲಿ ಯೂನಿಟ್‌ಗೆ 2.44 ರೂ.ಗೆ ಇಳಿಯಿತು, 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ 1.99ಕ್ಕೆ ಬಂತು. ಪ್ಯಾನೆಲ್ ರೇಟು ಬಿದ್ದಿದ್ದೂ ಕಾರಣ, ಪೂರ್ತಿ ಹರಾಜಿನ ಪುಣ್ಯ ಅಲ್ಲ. ಆದರೆ ಒಂದು ಯೂನಿಟ್ ಕರೆಂಟು ಯಾರು ಕೊಟ್ಟರೂ ಒಂದು ಯೂನಿಟ್ಟೇ. ಅದರಲ್ಲಿ ಬುಷ್ ಕಮ್ಮಿ ಮಾಡಲು ಆಗುವುದಿಲ್ಲ. ಕಟ್ಟಡ, ಅಣೆಕಟ್ಟಿನ ಕೆಲಸಕ್ಕೆ ಬಂದರೆ ಜಗಳ ಶುರು. ಆಂಧ್ರದಲ್ಲಿ 2019ರಲ್ಲಿ ಪೋಲವರಂ ಸೇರಿ ಹಲವು ಕಾಮಗಾರಿಗೆ ರಿವರ್ಸ್ ಟೆಂಡರ್ ಮಾಡಿದರು, ಸರ್ಕಾರ ಬದಲಾದ ಮೇಲೆ 2024ರಲ್ಲಿ ಅದನ್ನು ಕೈಬಿಟ್ಟರು.

ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿತ್ತು. ಅಮೆರಿಕದ ಲೆಕ್ಕ ಪರಿಶೋಧನಾ ಸಂಸ್ಥೆ 2013ರಲ್ಲಿ ಅಲ್ಲಿನ ಸರ್ಕಾರಿ ರಿವರ್ಸ್ ಆಕ್ಷನ್‌ಗಳನ್ನು ನೋಡಿದಾಗ, 2012ರ ಹಣಕಾಸು ವರ್ಷದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಕ್ಷನ್‌ಗಳಲ್ಲಿ ಮಾರುವವರ ನಡುವೆ ಸುತ್ತು ಸುತ್ತಾಗಿ ಇಳಿಸುವ ಪೈಪೋಟಿಯೇ ನಡೆದಿರಲಿಲ್ಲ. ಹೆಸರಿಗೆ ಮಾತ್ರ ಹರಾಜು. ನಮ್ಮಲ್ಲೂ ಒಂದೇ ಮನೆಯವರು ಮೂರು ಹೆಸರಿನಲ್ಲಿ ಬಂದರೆ ಹಾಗೇ ತಾನೇ ಆಗುವುದು? 2002ರ ಸ್ಪರ್ಧಾ ಕಾಯ್ದೆಯಲ್ಲಿ ಹಾಗೆ ಒಳಗೊಳಗೆ ಮಾತಾಡಿಕೊಂಡು ಬಿಡ್ ಹಾಕುವುದು ನಿಷಿದ್ಧ. ನಿವೃತ್ತ ಸಾರ್ ಹೇಳಿದ ಮೂರು ಲೆಟರ್‌ಹೆಡ್ ಈಗ ಮೂರು ಲಾಗಿನ್ ಆಗಿರುವ ಸಾಧ್ಯತೆಯನ್ನೂ ಕೊಳ್ಳುವವರು ನೋಡಬೇಕು.

ಕೂಡ್ಲೂರು ವರ್ಕ್‌ಶಾಪ್, ಮೂರು ವಾರದ ನಂತರ:

ಏನಾಯಿತು ಅಂತ ಹೇಳದೆ ಇದ್ದರೆ ಸರಿಯಲ್ಲ ಅಂತ ಬರೆಯುತ್ತಿದ್ದೇನೆ.

ಪತ್ರ ಬರೆದ ಐದನೇ ದಿನಕ್ಕೆ ಬಿಡ್‌ಗೆ ತಿದ್ದುಪಡಿ ಬಂತು. ಹಲಗೆ ಐಎಸ್ 710 ಅಂತ ಹಾಕಿದರು. ಪೈಪಿನ ಗೇಜನ್ನೂ ಹಾಕಿದರು. ಸಪ್ಲೈ ದಿನಾಂಕ ಮಾತ್ರ ಬದಲಾಯಿಸಲಿಲ್ಲ. ಮಳೆಗಾಲದಲ್ಲಿ ಭಾರಿ ಲಾರಿಗಳನ್ನು ರಸ್ತೆಯಲ್ಲಿ ತಡೆದರೆ ಆ ದಿನಗಳನ್ನು ಲೆಕ್ಕದಿಂದ ಬಿಡಿ ಅಂತ ಕೇಳಿದ್ದೆ. ನಮಗೆ ರೈಲೂ ಇಲ್ಲ, ಎಲ್ಲ ಸಾಮಾನೂ ರಸ್ತೆಯಲ್ಲೇ ಬರಬೇಕು, ಹೋಗಬೇಕು. ಅದಕ್ಕೆ ಉತ್ತರ ಬರಲಿಲ್ಲ.

ಲೆಕ್ಕ ಹೀಗೆ ಮಾಡಿದೆ. ಕಬ್ಬಿಣ, ಪ್ಲೈ, ಬುಷ್ ಎಲ್ಲ ಸೇರಿ 2,550. ಬುಷ್ ರಬ್ಬರಿನದ್ದು, ಸ್ಕ್ರೂ ಹಾಕುವಂಥದ್ದು, ಅಕ್ಕ. ಕೂಲಿ 680, ಪೌಡರ್ ಕೋಟಿಂಗ್ 270, ಲಾರಿ ಮತ್ತು ಹತ್ತಿಸಿ ಇಳಿಸಲು 240, ಬಾಡಿಗೆ, ಕರೆಂಟು 260, ಬಡ್ಡಿ 290, ಜೆಮ್ ಶುಲ್ಕ 16. ಒಟ್ಟು 4,306. ನನಗೆ ಅಂತ 344 ಇಟ್ಟುಕೊಂಡು 4,650. ಜಿಎಸ್‌ಟಿ 18 ಪರ್ಸೆಂಟ್ ಹಾಕಿದರೆ 5,487. ಈ ಅಂಕಿಯನ್ನು ಒಂದು ಹಳೆಯ ಮದುವೆ ಕಾರ್ಡಿನ ಹಿಂದೆ ಬರೆದು ಅಮ್ಮನ ಕೈಗೆ ಕೊಟ್ಟೆ.

ಆಕ್ಷನ್ ದಿನ ನಾಲ್ಕು ಜನ ಇದ್ದೆವು ಅನಿಸುತ್ತದೆ. ಮೊದಲ ಎರಡು ಗಂಟೆ ಯಾರೂ ಅಲುಗಾಡಲಿಲ್ಲ. ಕೊನೆ ಅರ್ಧ ಗಂಟೆಯಲ್ಲಿ 5,700ರಿಂದ ಇಳಿಯಲು ಶುರುವಾಯಿತು. ನಾನು 5,490 ಹಾಕಿದೆ. ಎರಡು ನಿಮಿಷಕ್ಕೆ 5,470 ಬಂತು. ಅಮ್ಮ ಹಿಂದೆಯೇ ಕೂತಿದ್ದರು, ಕಾರ್ಡ್ ತೋರಿಸಿದರು. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ನಿಜ ಹೇಳುತ್ತೇನೆ, ಕೈ ನಡುಗುತ್ತಿತ್ತು. ಆಮೇಲೆ ನೋಡಿದರೆ 5,410ಕ್ಕೆ ನಿಂತಿತ್ತು. ಗೆದ್ದವರೂ ಎಂಎಸ್‌ಇಯೇ, ಹಾಗಾಗಿ ಆ 60 ಡೆಸ್ಕಿನ ಮಾತೂ ಬರಲಿಲ್ಲ. ಅವರಿಗೆ ಆ ರೇಟು ಕೂಡಿಬಂದಿರಬಹುದು, ದೊಡ್ಡ ಮಷಿನ್ ಇದ್ದರೆ ಕೂಲಿ ಕಮ್ಮಿ ಬೀಳುತ್ತದೆ. ಹಲಗೆ ಮಾತ್ರ ಅವರೂ ಐಎಸ್ 710 ಹಾಕಲೇಬೇಕು.

ಹುಡುಗರಿಗೆ ಕೂರಿಸಿ ಎಲ್ಲ ಲೆಕ್ಕ ತೋರಿಸಿದೆ. ಯಾಕೆ ಬಿಟ್ಟೆ ಅಂತ ಅವರಿಗೂ ಗೊತ್ತಾಗಬೇಕಲ್ಲ. ಈಗ ಸೋಮವಾರಪೇಟೆ ಕಡೆಯ ಒಂದು ಎಸ್ಟೇಟ್‌ನ ಲೈನ್ ಮನೆಗಳಿಗೆ 30 ಮಂಚದ ಕೆಲಸ ಸಿಕ್ಕಿದೆ, ಅಡ್ವಾನ್ಸ್ ಕೊಟ್ಟಿದ್ದಾರೆ. ಜೆಮ್‌ನಲ್ಲಿ ಮಡಿಕೇರಿಯ ಒಂದು ಕಚೇರಿಗೆ 35 ಕಪಾಟಿನ ಬಿಡ್ ನಿನ್ನೆ ಬಂದಿದೆ. ಶೀಟಿನ ದಪ್ಪ ಬರೆದಿಲ್ಲ. ನಾಳೆ ಬೆಳಿಗ್ಗೆ ಪತ್ರ ಹಾಕುತ್ತೇನೆ, ನಿವೃತ್ತ ಸಾರ್ ಒಂದು ಸಲ ಓದಿ ಕೊಡುತ್ತೀರಾ?